ಮೂಲವ್ಯಾಧಿ ಎಂದು ನಿಶ್ಚಯಿಸುವ ಮುನ್ನ

ಮಲದಲ್ಲಿ ರಕ್ತ ಕಂಡೊಡನೆ ಅದು ಮೂಲವ್ಯಾಧಿಯೇ ಎಂದು ತಾವೇ ನಿಶ್ಚಯಿಸಿಕೊಂಡು ಔಷಧಿ ಕೇಳಲು ಬರುವವರು ಅನೇಕರು. ಬಹುಪಾಲು ಜನರ ಊಹೆ ಸರಿಯೇ ಆಗಿರುತ್ತದೆ. ಆದರೂ 45 ವರ್ಷ ದಾಟಿದವರಿಗೆ, ವಯಸ್ಸು ಕಡಿಮೆಯಿದ್ದರೂ ತೂಕ ಇಳಿದವರಿಗೆ, ರಕ್ತಹೀನತೆಯುಳ್ಳವರಿಗೆ ಕರುಳಿನ ಪರೀಕ್ಷೆಯಾಗದೆ ಲೇಹ್ಯ, ಚೂರ್ಣಗಳನ್ನು ಕೊಡಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರೋಟೀನ್ ಎಂದರೆ ನಮಗೆ ಬೇಳೆ, ಹಾಲು ನೆನಪಾಗುತ್ತವೆ. ಜೀವಕೋಶದೊಳಗೆ ಅವು ತಮ್ಮ ತಮ್ಮ ಕಾಯಕದಲ್ಲಿ ತೊಡಗಿದ ದುಡಿಮೆಗಾರರು. ದೊಡ್ಡ ಕರುಳಿನ ಒಳಪದರವು 4-5 ದಿನಗಳಿಗೊಮ್ಮೆ ಹೊಸದಾಗುತ್ತದೆ. ಕೋಶಗಳು ಹೆಚ್ಚುವಂತೆ ಸೂಚಿಸುವ ಪ್ರೋಟೀನುಗಳಲ್ಲಿ ಬೀಟಾ-ಕೆಟೆನಿನ್ ಒಂದು. ಅದು ಮಿತಿಮೀರದಂತೆ ನಾಶಕ್ಕೆ ಒಪ್ಪಿಸುವ ವ್ಯವಸ್ಥೆಯಲ್ಲಿ ಎಪಿಸಿ ಎಂಬ ಇನ್ನೊಂದು ಪ್ರೋಟೀನ್ ಪ್ರಧಾನವಾದುದು. ಇದರ ವಂಶವಾಹಿಯನ್ನು 1991ರಲ್ಲಿ ಗುರುತಿಸಲಾಯಿತು. ಕೋಶವೊಂದರಲ್ಲಿ ಆ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟರೆ, ಬೀಟಾ-ಕೆಟೆನಿನ್ ಶೇಖರಗೊಂಡು ಕೋಶಕೇಂದ್ರವನ್ನು ಹೊಕ್ಕು, ಬೆಳೆಯುವ ಆಜ್ಞೆಯನ್ನು ಕೊಡುತ್ತಲೇ ಇರುತ್ತದೆ. ಉದುರಿಹೋಗಬೇಕಾದ ಕೋಶಗಳು ಅಲ್ಲಿಯೇ ಗುಂಪುಗೂಡಿ ಪಾಲಿಪ್ ಎಂಬ ಸಣ್ಣ ಗಂಟಾಗುತ್ತವೆ. ಕರುಳಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವುಗಳ ಮೊದಲ ಹೆಜ್ಜೆ ಇದೇ.

ಎಲ್ಲ ಗಂಟುಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥವಕ್ಕೂ ಸಾಮಾನ್ಯವಾಗಿ ಸುಮಾರು 10 ವರ್ಷ ಬೇಕು. ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲಿ ಕಂಡರೆ, ಅಲ್ಲಿಯೇ ಕತ್ತರಿಸಿ ತೆಗೆಯಬಹುದು. ಕೆಟ್ಟ ಎಪಿಸಿಯನ್ನು ಸರಿಪಡಿಸುವ ಔಷಧಿ ನಮ್ಮಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ. ಗಂಟಿನಿಂದ ಬರುವ ರಕ್ತ ತಾನಾಗಿಯೇ ನಿಂತು ನಿಂತು ಬರುವುದುಂಟು. ನಿಂತಾಗ ಕೀರ್ತಿ ಲೇಹ್ಯಕ್ಕೆ, ಗಂಟು ಮಾತ್ರ ಇದ್ದಲ್ಲಿಯೇ!

‘ನಾವು ಸಸ್ಯಾಹಾರಿಗಳು, ನಮಗೇಕೆ ಈ ರೋಗ?’ ಎಂದು ಕೇಳುವವರಿದ್ದಾರೆ. ನಾರುಳ್ಳ ಆಹಾರದಿಂದ ಅಪಾಯ ತಗ್ಗುವುದು ನಿಜ, ಇಲ್ಲವಾಗುವುದಿಲ್ಲ. ಶುದ್ಧ ಸಸ್ಯಾಹಾರಿಯ ಬಾಯಲ್ಲಿ ತಂಬಾಕು ಇರುವುದನ್ನೂ ನಾವು ಕಾಣುತ್ತೇವಷ್ಟೆ.

ಆಯುರ್ವೇದ ವೈದ್ಯನೊಬ್ಬ ಕೊಲೊನೋಸ್ಕೋಪಿಯ ಪಕ್ಷ ವಹಿಸುವುದೇ ಎಂದು ಹುಬ್ಬೇರಿಸಬೇಕಿಲ್ಲ. ಸುಶ್ರುತ ಸಂಹಿತೆಯು ಗುದದ ಒಳಭಾಗವನ್ನು ನೋಡಲೆಂದೇ ಹಸುವಿನ ಮೊಲೆಯಾಕಾರದ, ನಾಲ್ಕಂಗುಲ ಉದ್ದದ ಅರ್ಶೋಯಂತ್ರವನ್ನು ವಿವರಿಸಿದೆ. ನೋಡಿದ ಮೇಲೆ ಚಿಕಿತ್ಸೆ ಎಂಬುದು ನಮ್ಮ ಶಾಸ್ತ್ರದ ಕ್ರಮವೇ ಆಗಿದೆ.

ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ಅದನ್ನು ವೈದ್ಯರಿಗೆ ಮರೆಮಾಚದೆ ತಿಳಿಸಿರಿ. ಕೆಟ್ಟ ಎಪಿಸಿ ವಂಶವಾಹಿಯೇ ಹರಿದುಬಂದ ಅಪರೂಪದ ಮನೆತನಗಳಲ್ಲಿ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಹರೆಯದಲ್ಲಿಯೇ ಕರುಳಿನ ತುಂಬ ನೂರಾರು ಗಂಟುಗಳೇಳುತ್ತವೆ. ಅಂಥ ಮಕ್ಕಳನ್ನು 10-12ನೆಯ ವಯಸ್ಸಿನಲ್ಲಿಯೇ ತಜ್ಞರಿಗೆ ತೋರಿಸಬೇಕು.