ಮನೆಯವರ ಪ್ರಶ್ನೆಗಳೇ ಚಾರಣದ ಯೋಜನೆ

ಕಡೂರು, ತರೀಕೆರೆ, ಅಜ್ಜಂಪುರ ಕಡೆಯಿಂದ ಬರುವ ನಮಗೆ ಬಾಬಾಬುಡನ್‌ಗಿರಿ ಶ್ರೇಣಿ ದೂರದ್ದೇನಲ್ಲ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇರುವುದು ಅದರಲ್ಲೇ. ಕೆಮ್ಮಣ್ಣುಗುಂಡಿಯಂತೂ ತರೀಕೆರೆ ತಾಲ್ಲೂಕಿನದು. ಆದರೂ ಕಾಲೇಜು ಪ್ರವಾಸ ಎಂದೊಡನೆ ನಮ್ಮ ಬಾಯಲ್ಲಿ ಬರುವುದು ಊಟಿ, ಮೈಸೂರು. ಈ ವರ್ಷ ಕೆಮ್ಮಣ್ಣುಗುಂಡಿಗೆ ಒಂದು ದಿನದ ಚಾರಣ ಹೋಗೋಣ, ಅದರಲ್ಲಿ ವಿದ್ಯಾರ್ಥಿನಿಯರೂ ಇರಲಿ ಎಂಬುದು ನನ್ನ ಅಭಿಪ್ರಾಯ.

ಬೆಟ್ಟ ಹತ್ತುವ ಮಾತು ತೆಗೆದರೆ ನನ್ನಂಥ ಹುಡುಗಿಯರಿಗೆ ಮನೆಯಲ್ಲಿ ಸಿಗುವ ಉತ್ತರ "ಬೇಡ". ಅದಕ್ಕೂ ಮೊದಲು ಅಬ್ಬಾ, ಅಮ್ಮಿ ಕೆಲವು ಪ್ರಶ್ನೆ ಕೇಳುತ್ತಾರೆ. ಜೊತೆಗೆ ಯಾರು? ಎಷ್ಟು ಹೊತ್ತಿಗೆ ವಾಪಸ್? ಮಳೆ ಬಂದರೆ? ಯಾರಿಗಾದರೂ ಕಾಲು ಉಳುಕಿದರೆ? ಇವನ್ನು ಅಡ್ಡಿ ಎಂದುಕೊಂಡು ನಾವು ಮುನಿಸಿಕೊಳ್ಳುತ್ತೇವೆ. ಆದರೆ ಅನುಭವಿ ಚಾರಣಿಗರು ಹೊರಡುವ ಮುನ್ನ ಕೇಳಿಕೊಳ್ಳುವುದೂ ಇವೇ ಪ್ರಶ್ನೆಗಳನ್ನು. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದರೆ ಅದೇ ಯೋಜನೆ.

ಮೊದಲು ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಇಂಬಳ, ಜಾರುವ ಕಲ್ಲು. ಬೇಸಿಗೆಯಲ್ಲಿ ಒಣಹುಲ್ಲಿಗೆ ಕಾಳ್ಗಿಚ್ಚಿನ ಭಯ. ಪರೀಕ್ಷೆಯನ್ನೂ ಲೆಕ್ಕಕ್ಕೆ ಹಿಡಿದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್ ಸೂಕ್ತ. ಕಡೂರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಕೆಮ್ಮಣ್ಣುಗುಂಡಿ 1,400ಕ್ಕೂ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು. ಹಾಗಾಗಿ ಬಯಲುಸೀಮೆಯ ನಾವು ಸ್ವೆಟರ್ ಮರೆಯಬಾರದು.

ಆಮೇಲೆ ಸಮಯ. ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕವೊಂದಿದೆ: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಗರ ಲೆಕ್ಕ. ರಾಜಭವನದಿಂದ ಝಡ್ ಪಾಯಿಂಟಿಗೆ ಮುಕ್ಕಾಲು ಗಂಟೆ ಎನ್ನುತ್ತಾರೆ. ನಮ್ಮ ಗುಂಪಿಗೆ ಅದರ ಎರಡರಷ್ಟು ಇಟ್ಟುಕೊಳ್ಳೋಣ. ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಗುಂಪಿನ ವೇಗ. ಜುಹರ್ ನಮಾಜು, ಊಟ, ವಿಶ್ರಾಂತಿಯ ಹೊತ್ತನ್ನೂ ಬರೆದಿಟ್ಟರೆ ಮಗ್ರಿಬ್‌ಗೆ ಬಹಳ ಮುಂಚೆಯೇ ಬಸ್ಸಿನಲ್ಲಿರಬಹುದು.

ಮೂರನೆಯದು ಅನುಮತಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಬಿಗಿಗೊಳಿಸಿತು. ಯಾವ ದಾರಿಗೆ ಏನು ನಿಯಮ ಎಂದು ಇಲಾಖೆಯನ್ನೇ ಕೇಳಿ, ಪತ್ರ ಪಡೆದು ಹೊರಡಬೇಕು. ಪಕ್ಕದಲ್ಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ದಾರಿ ಬಿಟ್ಟು ಒಳಹೊಕ್ಕರೆ ಅದು ಸಾಹಸವಲ್ಲ, ತಪ್ಪು.

"ಏನಾದರೂ ಆದರೆ ಹೊಣೆ ಯಾರು?" ಎಂದು ಉಪನ್ಯಾಸಕರು ಕೇಳುತ್ತಾರೆ. ನ್ಯಾಯವಾದ ಮಾತು. ಹತ್ತು ಜನಕ್ಕೊಬ್ಬ ಹಿರಿಯರು, ಹುಡುಗಿಯರ ಜೊತೆ ಉಪನ್ಯಾಸಕಿಯರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕೆಳಗೆ ಕಾಯುವ ವಾಹನ, ಶೌಚಾಲಯ ಎಲ್ಲೆಲ್ಲಿದೆ ಎಂಬ ಪಟ್ಟಿ, ಇಷ್ಟೂ ಹಾಳೆಯಲ್ಲಿರಲಿ. ಮೋಡ ಕವಿದರೆ ಅರ್ಧಕ್ಕೇ ತಿರುಗುವ ನಿರ್ಧಾರ ಅವರದೇ ಆಗಿರಲಿ, ನಾವು ಎದುರಾಡಬಾರದು.

ಈ ಹಾಳೆಯನ್ನು ದ್ವಿತೀಯ ಪಿಯು ವಿದ್ಯಾರ್ಥಿಗಳೇ ಸಿದ್ಧಪಡಿಸಿ ಪ್ರಾಂಶುಪಾಲರಿಗೆ ಕೊಡೋಣ. ಅವರು ಒಪ್ಪಿದರೆ ಪೋಷಕರ ಸಭೆಯಲ್ಲಿ ಓದೋಣ. ಹಾಳೆಯನ್ನು ನೋಡಿದ ಮೇಲೂ ಮನೆಯವರು "ಬೇಡ" ಎಂದರೆ ಅದು ಅವರ ಹಕ್ಕು. ಆದರೆ ನೋಡುವ ಅವಕಾಶವನ್ನಾದರೂ ನಾವು ಅವರಿಗೆ ಕೊಡಬೇಕು.