ತಾತನ ತಿರುಗಾಟವೂ ಬೇಸಾಯವೇ

ಊರಿನವರು ನಮ್ಮ ತಾತನನ್ನು ‘ಮನೆ ಇಲ್ಲದೋನು’ ಅಂತ ಹಾಸ್ಯ ಮಾಡುತ್ತಿದ್ದರು. ಮನೆ ಇತ್ತು, ನಾಡಹೆಂಚಿನ ಒಳ್ಳೇ ಮನೆ. ಆದರೆ ರಾಗಿ ತೆನೆ ಕಟ್ಟಿದ ಮೇಲೆ ಒಕ್ಕಣೆ ಮುಗಿಯೋವರೆಗೂ ಆತ ಅದರಲ್ಲಿ ಮಲಗಿದವನಲ್ಲ. ಬದುವಿನ ಹೊಂಗೆಮರದಡಿ ಒಂದು ಕಂಬಳಿ, ಒಂದು ದೊಣ್ಣೆ, ಅಷ್ಟೇ. ಬೇಸಿಗೆಯಲ್ಲೂ ಹೊತ್ತು ಮೂಡೋ ಮೊದಲೇ ನಾಲ್ಕೂ ಬದು ಸುತ್ತಿ ಬರುತ್ತಿದ್ದ. ಗೌಜಲಹಕ್ಕಿ ಎಲ್ಲಿ ಮೊಟ್ಟೆ ಇಟ್ಟಿದೆ, ಇರುವೆ ಸಾಲು ಎತ್ತ ಹೊರಟಿದೆ, ಕಾರೆಹಣ್ಣು ಯಾವ ಗಿಡದಲ್ಲಿ ಮಾಗಿದೆ, ಎಲ್ಲಾ ಗೊತ್ತು. ಹಣ್ಣು ಪಂಚೆಯಂಚಿನಲ್ಲಿ ಕಟ್ಟಿಕೊಂಡು ಬಂದು ನಮಗೆ ಕೊಡುತ್ತಿದ್ದ.

ಮಳೆ ಬಿದ್ದ ಮಾರನೇ ದಿನ ನನ್ನನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದ. ಒಂದು ಹಿಡಿ ಮಣ್ಣು ಅದುಮಿ ಉಂಡೆ ಮಾಡಿ, ನೆಲಕ್ಕೆ ಬಿಟ್ಟು, ಅದು ಒಡೆಯೋದು ನೋಡಿ ಹದ ಹೇಳುತ್ತಿದ್ದ. “ಚಪ್ಪಲಿ ಬಿಡೋ ಮಗಾ, ಕಾಲಿಗೆ ತಿಳೀಲಿ” ಅನ್ನೋದು. ಅದನ್ನೆಲ್ಲ ಮುದುಕನ ಹುಚ್ಚು ಅಂದುಕೊಂಡಿದ್ದೆ. ಏಳನೇ ತರಗತಿ ಪಾಸಾದವನು ನೋಡಿ, ಸ್ವಲ್ಪ ಜಂಬವೂ ಇತ್ತು.

ನಮ್ಮದು ತುಮಕೂರು ಜಿಲ್ಲೆ, ಮಳೆ ನಂಬಿದ ಹೊಲ. ತಾತ ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಅಜ್ಜಿ ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಸಾಲಿಗೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬಿಡುತ್ತಿದ್ದಳು. ನನ್ನ ಕೈಗೆ ಬೇಸಾಯ ಬಂದ ಮೇಲೆ ಎತ್ತು ಹೋದವು. ರಾಗಿ ಎರಚಿ ಟ್ರ್ಯಾಕ್ಟರ್ ಹೊಡೆಸೋದು ಶುರುವಾಯಿತು. ಅಕ್ಕಡಿ ಇದ್ದರೆ ಕೊಯ್ಯೋ ಮಿಷನ್ ಇಳಿಯೋಲ್ಲ, ಬಿಟ್ಟೆ. ಟ್ರ್ಯಾಕ್ಟರ್ ತಿರುಗೋಕೆ ಅಡ್ಡ ಅಂತ ಆ ಹೊಂಗೆಮರವನ್ನೂ ಕಡಿಸಿದೆ. ಯಾರೂ ಹೇಳಿದ್ದಲ್ಲ, ನಾನೇ ಕಡಿಸಿದ್ದು. ಆಮೇಲೆ ಹೊಲದಲ್ಲಿ ಕೂರೋಕೆ ನೆರಳೇ ಇಲ್ಲ. ಬೈಕು ರಸ್ತೇಲಿ ನಿಲ್ಲಿಸಿ, ಅಲ್ಲಿಂದಲೇ ಹೊಲ ನೋಡಿ ಬರೋದು ರೂಢಿಯಾಯಿತು.

2023ರಲ್ಲಿ ಆಗಸ್ಟ್ ಪೂರಾ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿತು. ನನ್ನ ರಾಗಿ ಮೊಳಕಾಲುದ್ದಕ್ಕೇ ಒಣಗಿತು. ಹೊಲದಲ್ಲಿ ಬೇರೇನೂ ಇರಲಿಲ್ಲ. ಪಕ್ಕದ ಹೊಲದ ಹಿರಿಯರೊಬ್ಬರು ಅಕ್ಕಡಿ ಬಿಟ್ಟವರಲ್ಲ. ಅವರದೂ ರಾಗಿ ಹೋಯಿತು, ಆದರೆ ಮನೆಖರ್ಚಿಗೆ ತೊಗರಿ, ಅವರೆ ಬಂತು.

ತಾತನ ಹಾಗೆ ಬದುಕೋಕೆ ಈಗ ಆಗೋಲ್ಲ ಅಂತ ಮಗ ವಾದ ಮಾಡುತ್ತಾನೆ. ಕೂಲಿಯವರು ಸಿಗೋಲ್ಲ, ಎತ್ತು ಸಾಕೋರಿಲ್ಲ. ಅವನು ಹೇಳೋದರಲ್ಲಿ ಸುಳ್ಳಿಲ್ಲ. ಆದರೆ ಬೆಳಿಗ್ಗೆ ಬದು ಸುತ್ತೋಕೆ ಯಾವ ಕೂಲಿ ಬೇಕು? ಹೊಲಕ್ಕೆ ಕಾಲಿಡದೆ ನಷ್ಟದ ಲೆಕ್ಕ ಬರೆಯೋ ನನ್ನಂಥವರು ಇದಕ್ಕೆ ಉತ್ತರ ಹೇಳಬೇಕು.

ಈ ಸಲ ಒಂದೆಕರೆ ಅಕ್ಕಡಿಗೆ ಇಟ್ಟಿದ್ದೇನೆ. ಬಾಡಿಗೆಗೆ ಎತ್ತು ಗೊತ್ತು ಮಾಡಿದ್ದಾಯಿತು. ಸಡ್ಡೆ ಅಟ್ಟದ ಮೇಲೆ ಸಿಕ್ಕಿತು, ಒಂದು ಕಡೆ ಗೆದ್ದಲು ಹಿಡಿದಿದೆ. ಬದುವಿಗೆ ಎರಡು ಹೊಂಗೆ ಸಸಿ ನೆಟ್ಟೆ. ಹುಚ್ಚೆಳ್ಳು ಬೀಜ ಮಾತ್ರ ನಮ್ಮ ಸುತ್ತಮುತ್ತ ಎಲ್ಲೂ ಇಲ್ಲ. ಓದುಗರಲ್ಲಿ ಯಾರ ಮನೆಯಲ್ಲಾದರೂ ನಾಟಿ ಬೀಜ ಇದ್ದರೆ ಒಂದು ಸೇರು ಬೇಕಾಗಿದೆ. ಬದಲಿಗೆ ಅವರೆ ಬೀಜ ಕೊಡುತ್ತೇನೆ.