ರಂಗನತಿಟ್ಟನ್ನು ಒಂದು ಸಲ ನೋಡಿದರೆ ಸಾಲದು

‘ರಂಗನತಿಟ್ಟನ್ನು ನೋಡಿದ್ದೀರಾ?’ ಎಂದು ಮೈಸೂರು ಸೀಮೆಯ ಯಾರನ್ನಾದರೂ ಕೇಳಿದರೆ, ‘ಓಹೋ, ನೋಡಿದ್ದೇವೆ’ ಎಂಬ ಉತ್ತರ ತಡೆಯಿಲ್ಲದೆ ಬರುತ್ತದೆ. ‘ಎಷ್ಟು ಸಲ?’ ಎಂದು ಮುಂದುವರಿಸಿ ಕೇಳಿದರೆ ಉತ್ತರ ತುಸು ತಡವಾಗುತ್ತದೆ. ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸದೊಡನೆ ಒಮ್ಮೆ; ಮನೆಗೆ ನೆಂಟರು ಬಂದಿದ್ದಾಗ, ಶ್ರೀರಂಗಪಟ್ಟಣದ ದೇವಾಲಯಕ್ಕೂ ಬೃಂದಾವನಕ್ಕೂ ನಡುವೆ ಬಿಡುವು ಮಾಡಿಕೊಂಡು ಇನ್ನೊಮ್ಮೆ. ಇಷ್ಟರಿಂದಲೇ ಆ ಪಕ್ಷಿಧಾಮವನ್ನು ನೋಡಿದಂತಾಯಿತೆಂದು ನಾವು ಭಾವಿಸುತ್ತೇವೆ. ಈ ಭಾವನೆ ತಪ್ಪೆಂಬುದೂ, ತಪ್ಪನ್ನು ತಿದ್ದಿಕೊಳ್ಳುವುದು ಕಷ್ಟವಲ್ಲವೆಂಬುದೂ ಇಲ್ಲಿ ನಾವು ಹೇಳಬೇಕೆಂದಿರುವ ಮಾತು.

ಈ ತಪ್ಪನ್ನು ಮಾಡಿದವರಲ್ಲಿ ನಾವೂ ಒಬ್ಬರು. ಕೆಲವು ವರ್ಷಗಳ ಹಿಂದೆ ಶ್ರಾವಣದ ಒಂದು ಬೆಳಗ್ಗೆ ಮನೆಮಂದಿಯೊಡನೆ ಅಲ್ಲಿಗೆ ಹೋಗಿದ್ದೆವು. ಕಾವೇರಿಯಲ್ಲಿ ಕೆನ್ನೀರು ತುಂಬಿ ಹರಿಯುತ್ತಿತ್ತು. ದೋಣಿಗಳನ್ನು ದಡಕ್ಕೆ ಕಟ್ಟಿಹಾಕಿದ್ದರು. ತಿಟ್ಟುಗಳ ಮರಗಳು ಬುಡ ಕಾಣದಂತೆ ನೀರಿನಲ್ಲಿ ನಿಂತಿದ್ದವು. ಹತ್ತಾರು ಬೆಳ್ಳಕ್ಕಿಗಳನ್ನೂ ನಾಲ್ಕೈದು ನೀರುಕಾಗೆಗಳನ್ನೂ ಕಂಡು ಹಿಂದಿರುಗಿದೆವು. ಮರುದಿನ ತರಗತಿಯಲ್ಲಿ ಅಳತೆಯ ದೋಷಗಳನ್ನು ಕುರಿತ ಪಾಠ. ಮಾತಿಗೆ ಮಾತು ಬಂದು, ‘ರಂಗನತಿಟ್ಟಿನ ಕಾಲ ಮುಗಿಯಿತು, ಅಲ್ಲಿ ಹಕ್ಕಿಗಳೇ ಇಲ್ಲ’ ಎಂದುಬಿಟ್ಟೆವು. ಹೊಳೆಬದಿಯ ಹಳ್ಳಿಯೊಂದರಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಹಿಂದಿನ ಸಾಲಿನಿಂದ ಎದ್ದು, ‘ಸರ್, ತಾವು ಹೋಗಿದ್ದು ಶ್ರಾವಣದಲ್ಲಿ. ಶಿವರಾತ್ರಿ ಹೊತ್ತಿಗೆ ಹೋಗಿ ನೋಡಿ ಸರ್’ ಎಂದ. ತರಗತಿಯೆಲ್ಲ ನಕ್ಕಿತು. ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರಬಾರದೆಂದು ಕರಿಹಲಗೆಯ ಮೇಲೆ ಆಗತಾನೆ ಬರೆದಿದ್ದವರು ನಾವೇ ಆಗಿದ್ದೆವು!

ಶಿವರಾತ್ರಿಯ ಹೊತ್ತಿಗೆ ಹೋದೆವು. ಶ್ರಾವಣದಲ್ಲಿ ಬರಿದಾಗಿದ್ದ ಮರಗಳಲ್ಲಿ ಕೊಂಬೆಗೊಂದರಂತೆ ಗೂಡುಗಳು. ಗೂಡುಗಳಲ್ಲಿ ಬಣ್ಣದ ಕೊಕ್ಕರೆಗಳು. ಹೆಜ್ಜಾರ್ಲೆಗಳು ತಮ್ಮ ಭಾರಕ್ಕೆ ಕೊಂಬೆಗಳನ್ನು ಬಾಗಿಸಿಕೊಂಡು ಕುಳಿತಿದ್ದವು. ಮಾತು ಕೇಳಿಸದಷ್ಟು ಗದ್ದಲ. ಅದೇ ನದಿ, ಅದೇ ಮರ, ಅದೇ ದಡ. ಬದಲಾಗಿದ್ದುದು ಋತು ಮಾತ್ರ. ಅಂದಿನಿಂದ ಪ್ರತಿಯೊಂದು ಋತುವಿನಲ್ಲಿಯೂ ಒಮ್ಮೆಯಾದರೂ ಹೋಗಿ ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಂಡಿದ್ದೇವೆ.

ಆ ಸ್ಥಳದ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುವುದು ಅಗತ್ಯ. ೧೭ನೆಯ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟೆಯೊಂದನ್ನು ಹಾಕಿಸಿದರು. ನೀರು ಹಿಂದಕ್ಕೆ ನಿಂತು ಈ ತಿಟ್ಟುಗಳು ರೂಪುಗೊಂಡವು. ಗದ್ದೆಗೆ ನೀರು ಕೊಡಲು ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಕೋಟೆಯಾಯಿತು. ಸುತ್ತಲೂ ನೀರಿರುವುದರಿಂದ ನರಿ, ಕಾಡುಬೆಕ್ಕು, ಮನುಷ್ಯ ಇವರಾರೂ ಗೂಡಿನ ಬಳಿಗೆ ಸುಲಭವಾಗಿ ಹೋಗಲಾರರು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗಾಗಿ ಬಂದಿದ್ದ ಸಲೀಂ ಅಲಿಯವರು ಈ ಸ್ಥಳದ ಮಹತ್ವವನ್ನು ಮನಗಂಡು ಅರಸರಿಗೆ ಅರಿಕೆ ಮಾಡಿಕೊಂಡರು. ಅದರ ಫಲವಾಗಿ ೧೯೪೦ರಲ್ಲಿ ಇದು ಪಕ್ಷಿಧಾಮವೆಂದು ಘೋಷಿತವಾಯಿತು. ೨೦೨೨ರಲ್ಲಿ ಇದು ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿ, ಕರ್ನಾಟಕದಿಂದ ಆ ಪಟ್ಟಿಯನ್ನು ಸೇರಿದ ಮೊದಲ ಜೌಗುನೆಲವೆನಿಸಿತು.

ಇನ್ನು ಋತುಗಳ ವಿಚಾರ. ಚಳಿ ಕಳೆಯುವ ಹೊತ್ತಿನದು ಗೂಡುಗಳ ಸಂಭ್ರಮ. ಯುಗಾದಿ ಕಳೆದು ಹೊಳೆ ಬತ್ತಿದಾಗ ಬಂಡೆಗಳು ಮೇಲೆದ್ದು ತೋರುತ್ತವೆ. ಆಗ ನದಿಯ ರೀವ ಎಂಬ ಹಕ್ಕಿ ಗೂಡಿನ ಗೊಡವೆಯೇ ಇಲ್ಲದೆ ಬರಿಯ ಬಂಡೆಯ ಮೇಲೆ ಮೊಟ್ಟೆಯಿಡುತ್ತದೆ. ಆ ಬಿಸಿಲಿನಲ್ಲಿ ಅದು ಮೊಟ್ಟೆಯ ಮೇಲೆ ಕುಳಿತಿರುವುದು ಕಾವು ಕೊಡಲು ಮಾತ್ರವೆಂದು ತಿಳಿಯಬಾರದು. ನೆರಳು ಕೊಡುವುದೂ ಅಷ್ಟೇ ಮುಖ್ಯ. ಬಣ್ಣದ ಕೊಕ್ಕರೆಯಾದರೋ ರೆಕ್ಕೆಗಳನ್ನು ಕೊಡೆಯಂತೆ ಬಿಡಿಸಿ ಮರಿಗಳಿಗೆ ಮರೆಮಾಡಿ ನಿಲ್ಲುತ್ತದೆ. ಬಾಯ್ಕಳಕ ಕೊಕ್ಕರೆಯ ಮರಿ ಕಣ್ಣಿಗೆ ಬಿದ್ದಾಗ ಅದರ ಕೊಕ್ಕನ್ನು ಗಮನಿಸಬೇಕು. ದೊಡ್ಡ ಹಕ್ಕಿಯ ಕೊಕ್ಕಿನ ನಡುವೆ ಕಾಣುವ ಸಂದು ಮರಿಗೆ ಇರುವುದಿಲ್ಲ. ಬೆಳೆದಂತೆಲ್ಲ ಅದು ಮೂಡುತ್ತದೆ. ಇದು ಒಂದು ದಿನದ ನೋಟಕ್ಕೆ ತಿಳಿಯುವ ಸಂಗತಿಯಲ್ಲ. ಮಳೆಗಾಲದಲ್ಲಿ ಪ್ರವಾಹ. ಅದು ಇಳಿದು ದೀಪಾವಳಿ ಹತ್ತಿರವಾಗುವಾಗ ಹಿಮಾಲಯದ ಕಡೆಯಿಂದ ಬಂದ ಸಿಪಿಲೆಗಳು ಬಾಲ ಕುಣಿಸುತ್ತ ನೀರಂಚಿನಲ್ಲಿ ಓಡಾಡುತ್ತಿರುತ್ತವೆ.

ಹಕ್ಕಿಗಳಿಗೆ ಕಾಲ ತಿಳಿಯುವುದು ಹೇಗೆ? ಭೌತಶಾಸ್ತ್ರದವರಾದ ನಮಗೆ ಪ್ರಿಯವಾದ ಪ್ರಶ್ನೆಯಿದು. ಕೆನಡಾದ ಎಡ್ಮಂಟನ್ ನಗರದಲ್ಲಿ ೧೯೨೦ರ ದಶಕದಲ್ಲಿ ವಿಲಿಯಂ ರೋವನ್ ಎಂಬ ವಿಜ್ಞಾನಿ ಜಂಕೊ ಎಂಬ ಸಣ್ಣ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲಿ ಪಂಜರದಲ್ಲಿಟ್ಟು, ವಿದ್ಯುದ್ದೀಪಗಳಿಂದ ಅವುಗಳ ಹಗಲನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿದನು. ನಡುಚಳಿಗಾಲದಲ್ಲಿಯೇ ಅವುಗಳ ಸಂತಾನಾಂಗಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಅಂದರೆ ಹಕ್ಕಿ ನಂಬಿದ್ದು ಚಳಿಯನ್ನಲ್ಲ, ಹಗಲಿನ ಉದ್ದವನ್ನು. ಎಡ್ಮಂಟನ್ನಿನಲ್ಲಿ ಅತಿ ದೀರ್ಘವಾದ ಹಗಲು ಸುಮಾರು ೧೭ ಗಂಟೆ; ಅತಿ ಹ್ರಸ್ವವಾದದ್ದು ಸುಮಾರು ಏಳೂವರೆ ಗಂಟೆ. ನಮ್ಮ ಮೈಸೂರಿನಲ್ಲಿ ಇವೆರಡರ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಆದುದರಿಂದ ನಮ್ಮ ಸೀಮೆಯ ನೀರುಹಕ್ಕಿಗಳ ಪಂಚಾಂಗದಲ್ಲಿ ಮಳೆ, ಹೊಳೆಯ ಮಟ್ಟ, ಮೀನಿನ ಸಮೃದ್ಧಿ ಇವುಗಳ ಪಾಲು ದೊಡ್ಡದು. ಉತ್ತರದವರ ಪಂಚಾಂಗ ಸೂರ್ಯನ ಕೈಯಲ್ಲಿದ್ದರೆ, ನಮ್ಮದು ಬಹುಮಟ್ಟಿಗೆ ನೀರಿನ ಕೈಯಲ್ಲಿದೆ.

ಆದರೆ ಆ ನೀರು ಯಾರ ಕೈಯಲ್ಲಿದೆ? ಪಕ್ಷಿಧಾಮಕ್ಕೆ ಮೇಲುಗಡೆ ಇರುವುದು ಕೃಷ್ಣರಾಜಸಾಗರ. ಅಲ್ಲಿ ಬಾಗಿಲೆತ್ತಿದರೆ ಇಲ್ಲಿ ಹೊಳೆ ಏರುತ್ತದೆ. ಅಲ್ಲಿ ಮುಚ್ಚಿದರೆ ಇಲ್ಲಿ ಬಂಡೆ ತೋರುತ್ತದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಸೆಕೆಂಡಿಗೆ ಒಂದು ಲಕ್ಷ ಘನ ಅಡಿಗೂ ಹೆಚ್ಚು ನೀರನ್ನು ಹೊರಬಿಡಬೇಕಾಯಿತು. ಲಕ್ಷ ಘನ ಅಡಿಯೆಂದರೆ ಸುಮಾರು ೨೮ ಲಕ್ಷ ಲೀಟರು, ತೂಕದಲ್ಲಿ ೨,೮೦೦ ಟನ್ನು; ಅದೂ ಒಂದೊಂದು ಸೆಕೆಂಡಿಗೆ! ತಗ್ಗಿನ ಕೊಂಬೆಯ ಗೂಡು ಇದಕ್ಕೆ ಎದುರಾಗಿ ನಿಂತೀತೆ? ಅಣೆಕಟ್ಟೆಯ ಭದ್ರತೆಗಾಗಿ, ರೈತರ ಬೆಳೆಗಾಗಿ, ಕುಡಿಯುವ ನೀರಿಗಾಗಿ ಬಾಗಿಲುಗಳನ್ನು ಎತ್ತಲೇಬೇಕು, ಇಳಿಸಲೇಬೇಕು. ಇದರಲ್ಲಿ ನಮಗೆ ತಕರಾರಿಲ್ಲ. ಆದರೆ ಯಾವ ವಾರದಲ್ಲಿ ಯಾವ ಬಂಡೆಯ ಮೇಲೆ ಮೊಟ್ಟೆಗಳಿದ್ದವು, ನೀರು ಎಷ್ಟು ಏರಿದಾಗ ಎಷ್ಟು ಗೂಡು ಹೋದವು ಎಂಬುದು ತಿಳಿದಿದ್ದರೆ, ಒಂದೆರಡು ದಿನ ಹಿಂದುಮುಂದಾಗಿಯೋ ಮೆಲ್ಲಮೆಲ್ಲನೆಯೋ ನೀರು ಬಿಡುವ ಅವಕಾಶ ಇರುವಲ್ಲಿ ಅದನ್ನು ಕೇಳಿಕೊಳ್ಳಬಹುದು. ಲೆಕ್ಕವಿಲ್ಲದವನ ಅಹವಾಲನ್ನು ಕೇಳುವವರು ಯಾರು?

ಆದಕಾರಣ ನಮ್ಮ ಸೂಚನೆ ಇಷ್ಟು. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣಗಳ ಒಂದೊಂದು ಶಾಲೆ ಕಾಲೇಜೂ ರಂಗನತಿಟ್ಟಿಗೆಂದು ಒಂದು ಪುಸ್ತಕವನ್ನು ಇಡಲಿ. ವರ್ಷಕ್ಕೊಂದು ಪ್ರವಾಸದ ಬದಲು ಋತುವಿಗೊಂದು ಭೇಟಿಯಾಗಲಿ. ದಿನಾಂಕ, ಗಂಟೆ, ಗುರುತಿನ ಬಂಡೆಯೊಂದು ನೀರಿನಿಂದ ಎಷ್ಟು ಮೇಲಿದೆ, ಯಾವ ಮರದಲ್ಲಿ ಯಾವ ಹಕ್ಕಿಯ ಎಷ್ಟು ಗೂಡು, ಇಷ್ಟನ್ನು ಬರೆದರೆ ಸಾಕು. ಅರಣ್ಯ ಇಲಾಖೆಯವರೂ ಪಕ್ಷಿವೀಕ್ಷಕರೂ ಮಾಡುವ ಎಣಿಕೆಗೆ ಇದು ಪ್ರತಿಸ್ಪರ್ಧಿಯಲ್ಲ, ಪೂರಕ. ಹತ್ತು ವರ್ಷ ಹೀಗೆ ಬರೆದ ಪುಸ್ತಕ ಒಂದು ಅಮೂಲ್ಯವಾದ ದಾಖಲೆಯಾಗುತ್ತದೆ.

‘ಭೌತಶಾಸ್ತ್ರದ ಪಾಠಕ್ಕೂ ಕೊಕ್ಕರೆಗೂ ಏನು ಸಂಬಂಧ?’ ಎಂದು ಕೆಲವರು ಕೇಳಿಯಾರು. ಮತ್ತೆ ಮತ್ತೆ ಅಳೆಯುವುದು, ಅಳತೆಗಳನ್ನು ನಕ್ಷೆಯಲ್ಲಿ ಗುರುತಿಸುವುದು, ತಪ್ಪಿದ್ದರೆ ಒಪ್ಪಿಕೊಳ್ಳುವುದು, ಇವೇ ಅಲ್ಲವೇ ನಮ್ಮ ಪ್ರಯೋಗಶಾಲೆಯ ಪಾಠಗಳು? ‘ಜನ ಹೆಚ್ಚಿದರೆ ಹಕ್ಕಿಗಳಿಗೆ ಕಾಟವೂ ಹೆಚ್ಚೀತು’ ಎಂಬುದು ಇನ್ನೊಂದು ಆಕ್ಷೇಪಣೆ. ಇದು ನಿಜವಾದ ಆಕ್ಷೇಪಣೆ. ಆದರೆ ಕಾಟ ಕೊಡುವವನು ಒಂದೇ ಸಲ ಬರುವವನು. ಇಂದು ಹತ್ತಿರದಿಂದ ನೋಡದಿದ್ದರೆ ಮತ್ತೆಂದೂ ಇಲ್ಲವೆಂಬ ಆತುರ ಅವನದು. ‘ಇನ್ನೂ ಹತ್ತಿರ ಬಿಡಪ್ಪ’ ಎಂದು ಅಂಬಿಗನನ್ನು ಪೀಡಿಸುವವನೂ ಅವನೇ. ಚೈತ್ರದ ನಡುಹಗಲಿನಲ್ಲಿ ರೀವ ಬೆದರಿ ಮೇಲೆದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಬಂಡೆಯ ಕಾವಿಗೆ ಮೊಟ್ಟೆಯೊಳಗಿನ ಜೀವ ಹೋದೀತೆಂಬುದು ಅವನಿಗೆ ತಿಳಿಯದು. ಮತ್ತೆ ಬರುವವನಿಗೆ ಆತುರವಿಲ್ಲ. ಅವನು ದೂರದಿಂದಲೇ ನೋಡಿ, ಎಣಿಸಿ, ಬರೆದುಕೊಂಡು ಹಿಂದಿರುಗುತ್ತಾನೆ.

ನಮ್ಮ ಪುಸ್ತಕದ ಮೊದಲ ಪುಟದಲ್ಲಿ ‘ಶ್ರಾವಣ: ಹಕ್ಕಿಗಳು ವಿರಳ, ನೀರು ಬಹಳ’ ಎಂದಿದೆ. ಅದನ್ನು ನಾವು ಹೊಡೆದುಹಾಕಿಲ್ಲ. ಅಳತೆಯಾಗಿ ಅದು ಸರಿಯಾದದ್ದೇ. ತಪ್ಪಾದದ್ದು ಅದೊಂದನ್ನೇ ನಂಬಿ ಆಡಿದ ಮಾತು. ಶ್ರಾವಣದಲ್ಲಿ ನೋಡಿದವರು ಶಿವರಾತ್ರಿಗೆ ಹೋಗಿ ನೋಡಲಿ. ಶಿವರಾತ್ರಿಗೆ ನೋಡಿ ಸಂತೋಷಪಟ್ಟವರು, ಆ ಗೂಡುಗಳು ಏನಾದವೆಂದು ತಿಳಿಯಲು ಶ್ರಾವಣದಲ್ಲಿಯೂ ಒಮ್ಮೆ ಹೋಗಿ ದಡದ ಮೇಲೆ ನಿಲ್ಲಲಿ.